ಕುಗ್ಗದ ಫೋರ್ಕ್

"ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಅವನು ಗಾಜು ಬದಲಿಸಿದ. ಕುರ್ಚಿಯಲ್ಲಿದ್ದ ನಿವೃತ್ತ ಟೀಚರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಎದುರು ಗೋಡೆಯ ಅಕ್ಷರಗಳನ್ನು ಪರೀಕ್ಷೆಗೆ ಕೂತವರ ಹಾಗೆ ದಿಟ್ಟಿಸುತ್ತಿದ್ದರು. "ಮೊದಲನೇದು. ಅಲ್ಲ, ಎರಡನೇದು. ಎರಡೂ ಒಂದೇ ಥರ ಇದೆ ಅಲ್ವಾ? ತಪ್ಪು ಹೇಳಿದೆನಾ?" ಜೀವಮಾನವೆಲ್ಲ ಬೇರೆಯವರ ತಪ್ಪಿಗೆ ಕೆಂಪು ಗೀಟು ಹಾಕಿದವರು ಈ ಕತ್ತಲು ಕೋಣೆಗೆ ಬಂದರೆ ಹೀಗೇ ಬೆವರುತ್ತಾರೆ. "ತಪ್ಪು ಉತ್ತರ ಅಂತ ಏನೂ ಇಲ್ಲಮ್ಮ, ನಿಮಗೆ ಹೇಗೆ ಕಾಣುತ್ತೋ ಹಾಗೆ ಹೇಳಿ," ಎಂದ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಸವೆದುಹೋಗಿದ್ದ ಆ ಮಾತು ಇವತ್ತು ಮಾತ್ರ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು. ತಪ್ಪು ಉತ್ತರ ಅಂತ ಇದೆ. ಇಲ್ಲದೆ ಏನು? ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಚೀಟಿ ಎದೆಗೆ ಒತ್ತುತ್ತಿತ್ತು. ಅದರಲ್ಲಿ ಸೈಕಲ್ಲಿನ ಮುಂದಿನ ಗಾಲಿ ಹಿಡಿಯುವ ಮೂರು ಫೋರ್ಕುಗಳ ಹೆಸರು, ಉದ್ದ, ತೂಕ. ಟೀಚರಮ್ಮ ಯಾವುದು ಅಂದರು, ಮೊದಲನೇದಾ ಎರಡನೇದಾ ಎಂಬುದೇ ಮರೆತುಹೋಗಿ ಅವನು ಮತ್ತೊಮ್ಮೆ ಕೇಳಬೇಕಾಯಿತು. ಅವರು ಸೋತವರಂತೆ ನಕ್ಕು, "ನೀವೇ ಹೇಳಿಬಿಡಿ, ನಿಮಗೇ ಗೊತ್ತಿರುತ್ತಲ್ಲ," ಎಂದರು.

ತಮ್ಮನೂ ಹೀಗೇ ಅಂದಿದ್ದ. ಹೋದ ಭಾನುವಾರ ಬೆಳಿಗ್ಗೆ ಒಂದು ಸೈಕಲ್ ಫ್ರೇಮನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದು ಹಜಾರದ ಮಧ್ಯದಲ್ಲಿ ನಿಂತ. ಗಾಲಿಯಿಲ್ಲ, ಹ್ಯಾಂಡಲ್ ಇಲ್ಲ, ಬರೀ ಎಲುಬಿನ ಗೂಡು. ಗುಡ್ಡ ಹತ್ತುವ ಸೈಕಲ್ಲಿನದು, ಬೂದು ಬಣ್ಣ. "ಅಣ್ಣ, ಮತ್ತೆ ಶುರು ಮಾಡ್ತೀನಿ," ಎಂದ, ಕದ್ದ ವಸ್ತು ತಂದವನ ಹಾಗೆ ಸಂಕೋಚದಿಂದ. ಹನ್ನೊಂದು ವರ್ಷ ಸೈಕಲ್ ಹತ್ತದವನು, ಬೇರೆಯವರು ಗುಡ್ಡ ಇಳಿಯುವುದನ್ನು ಕಂಡರೂ ಮುಖ ತಿರುಗಿಸುತ್ತಿದ್ದವನು. ಮಗಳು ಕೇಳಿದಳಂತೆ, ನೀನು ಹಳೇ ಫೋಟೋದಲ್ಲಿ ಮಾತ್ರ ಯಾಕೆ ಸೈಕಲ್ ಹೊಡೀತೀಯ ಎಂದು. ಒಂಬತ್ತು ವರ್ಷದ ಹುಡುಗಿ. ಕೇಳಿದರೆ ಮೊಳೆ ಹೊಡೆದ ಹಾಗೆ ಕೇಳುತ್ತಾಳೆ. "ಉಳಿದದ್ದೆಲ್ಲ ನಾನೇ ಹೊಂದಿಸ್ಕೋತೀನಿ. ಮುಂದಿನ ಫೋರ್ಕ್ ಮಾತ್ರ ನೀನು ಆರ್ಸು. ಕಾರ್ಬನ್ನಿಂದು, ಸ್ಪ್ರಿಂಗ್ ಇಲ್ಲದ್ದು, ಕುಗ್ಗದ್ದು." ಹೆಂಡತಿ ಅಡುಗೆಮನೆಯಿಂದ ಕೈ ಒರೆಸುತ್ತ ಬಂದು ಆ ಗೂಡನ್ನು ನೋಡಿ, "ಇದಕ್ಕೂ ಊಟ ಹಾಕ್ಬೇಕಾ? ತುಂಬ ಸೊರಗಿದೆ," ಎಂದಳು. ತಮ್ಮ ನಕ್ಕ. ಅವನು ನಗಲಿಲ್ಲ, ತಮ್ಮನ ಬಲಗೈ ಮಣಿಕಟ್ಟಿನ ಉದ್ದಕ್ಕೂ ಇದ್ದ ಹೊಲಿಗೆಯ ಗೆರೆಯನ್ನು ನೋಡುತ್ತಿದ್ದ. ಅದರೊಳಗೆ ಒಂದು ಲೋಹದ ಪಟ್ಟಿ, ಆರು ಸ್ಕ್ರೂ. ತಮ್ಮ ಕೆಲಸ ಮಾಡುವುದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ. ಹಾಳೆಗಳ ಕಂತೆಯನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡುವಾಗ ಆ ಕೈಯನ್ನು ತಪ್ಪಿಸಿ ಎಡಗೈಯಲ್ಲೇ ಕುಟ್ಟುತ್ತಾನೆಂದು ತಮ್ಮನ ಹೆಂಡತಿ ಎಂದೋ ಹೇಳಿದ್ದಳು.

"ಕುಗ್ಗದ್ದು ಯಾಕೋ? ನಿನ್ನ ಕೈಗೆ ಸ್ಪ್ರಿಂಗ್ ಇರೋದೇ ಒಳ್ಳೇದು," ಎಂದು ಅವನು ಕೇಳಿದ್ದ, ಕೇಳಬಾರದಿತ್ತು. ತಮ್ಮ ಫ್ರೇಮನ್ನು ಗೋಡೆಗೆ ಒರಗಿಸಿ, ವಿಷಯ ಬಹಳ ಹಿಂದೆಯೇ ತೀರ್ಮಾನವಾದದ್ದು ಎನ್ನುವಂತೆ ಹೇಳಿದ: "ಸ್ಪ್ರಿಂಗ್ ಫೋರ್ಕ್ ಇದ್ರೆ, ಮುಂದಿನ ಬ್ರೇಕ್ ಗಾಬರೀಲಿ ಹಿಡಿದ್ರೆ ಮೂತಿ ಕುಗ್ಗಿಬಿಡುತ್ತೆ ಅಣ್ಣ. ಸೈಕಲ್ ಮುಗ್ಗರಿಸುತ್ತೆ. ನಾನು ಗಾಬರಿ ಬೀಳೋ ಜಾತಿ ಅಂತ ಆವತ್ತು ಬಿದ್ದಾಗ್ಲೇ ಗೊತ್ತಾಯ್ತಲ್ಲ. ಕುಗ್ಗದ ಫೋರ್ಕ್ ಇದ್ರೆ ಅಷ್ಟರಮಟ್ಟಿಗೆ ಬಚಾವು. ಕೈ ನೋಯ್ದ್ರೆ ನೋಯ್ಲಿ." ಅವನು ಹೂಂ ಎಂದ. ಕಾಫಿ ಆರಿಹೋಗಿತ್ತು, ಅದನ್ನು ಕುಡಿದ. ಅಂದಿನಿಂದ ಆರು ದಿನ ಪಟ್ಟಿ ಮಾಡಿದ, ಅಳೆದ, ಓದಿದ, ಹೊಡೆದುಹಾಕಿದ, ಮತ್ತೆ ಬರೆದ. ಪೂರ್ತಿ ಕಾರ್ಬನ್ ಇರುವುದು ಒಂದು. ಕಾಲುಗಳು ಕಾರ್ಬನ್ನಾಗಿ ಮೇಲಿನ ಕೊಳವೆ ಅಲ್ಯೂಮಿನಿಯಂ ಇರುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಹಗುರ, ಆದರೆ ಇಪ್ಪತ್ತು ಮಿಲಿಮೀಟರ್ ಗಿಡ್ಡ. ಗಾಲಿಯ ಅಚ್ಚಿನಿಂದ ಫೋರ್ಕಿನ ನೆತ್ತಿಯವರೆಗೆ ನಾನೂರ ತೊಂಬತ್ತು ಇರಬೇಕು, ಅದಕ್ಕಿಂತ ಕಡಿಮೆಯಾದರೆ ಸೈಕಲ್ಲಿನ ಮುಂಭಾಗ ತಗ್ಗಿ ಹ್ಯಾಂಡಲ್ ಚಡಪಡಿಸುತ್ತದೆ. ಇಷ್ಟು ಅವನಿಗೆ ಬಾಯಿಪಾಠವಾಗಿತ್ತು. ಹೆಂಡತಿ ಹಾಸಿಗೆಯ ಆಚೆ ಕಡೆಯಿಂದ, "ನನ್ನನ್ನ ಒಪ್ಪೋಕೆ ನಿಮಗೆ ಅರ್ಧ ಗಂಟೆ ಸಾಕಾಗಿತ್ತು ಕಣ್ರೀ," ಎಂದಿದ್ದಳು. ಯಾವ ಫೋರ್ಕನ್ನು ಆರಿಸಿದರೂ ಒಂದು ಸುಳ್ಳಿಗೆ ಹೊಂದುವ ಫೋರ್ಕನ್ನು ಆರಿಸಿದಂತೆ ಎಂಬುದನ್ನು ಅವನು ಅವಳಿಗೆ ಹೇಗೆ ಹೇಳಬೇಕು?

ಅಪ್ಪ ಪಂಪು ಕೂರಿಸುವ ಫಿಟ್ಟರ್. ಅಪ್ಪನ ಬಾಯಲ್ಲಿ ಒಂದು ಮಾತಿತ್ತು, ಬೆರಳುಬಿಗಿ. ಮೊದಲು ಎಲ್ಲ ಬೋಲ್ಟನ್ನೂ ಬೆರಳಿನಿಂದಷ್ಟೇ ತಿರುಗಿಸಿ ನಿಲ್ಲಿಸಬೇಕು, ಆಮೇಲೆ ಕಣ್ಣಿನಿಂದ ನೇರ ನೋಡಬೇಕು, ಕೊನೆಗೆ ಪಾನಾ ಹಾಕಿ ಬಿಗಿಯಬೇಕು. ನಡುವೆ ಎದ್ದು ಹೋಗಬೇಕಾಗಿ ಬಂದರೆ ಜೋರಾಗಿ "ಬೆರಳುಬಿಗಿ" ಎಂದು ಹೇಳಿಯೇ ಏಳಬೇಕು. ಹಾಗೆಂದರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಅಣ್ಣತಮ್ಮಂದಿರಿಗೆ ಅದು ಮಾತು ಕಲಿತ ಕಾಲದಿಂದ ಬಂದದ್ದು. ಕುರ್ಚಿಯ ಕಾಲಾಗಲಿ, ಮಿಕ್ಸರಿನ ತಳವಾಗಲಿ, ಬೆರಳುಬಿಗಿ ಎಂದ ಮೇಲೆ ಆ ವಸ್ತುವಿಗೆ ಮೈಲಿಗೆ. ಹನ್ನೊಂದು ವರ್ಷದ ಹಿಂದೆ, ತಮ್ಮ ಬಿದ್ದ ದಿನ ಬೆಳಿಗ್ಗೆ ಅವನು ತಮ್ಮನ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹ್ಯಾಂಡಲ್ಲನ್ನು ಫೋರ್ಕಿನ ಕೊಳವೆಗೆ ಕಚ್ಚಿಸುವ ಸ್ಟೆಮ್ಮಿನ ಎರಡು ಬೋಲ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ಗಾಲಿಯ ನೇರ ನೋಡುತ್ತಿದ್ದ. ಕಣ್ಣಿನ ಕೆಲಸದವನಲ್ಲವೇ, ಕೂದಲೆಳೆಯಷ್ಟು ಓರೆಯೂ ಅವನಿಗೆ ಸಹಿಸದು. ಆಗ ಕನ್ನಡಕದ ಅಂಗಡಿಯಿಂದ ಫೋನು. ಹಳೆಯ ಗಿರಾಕಿಯೊಬ್ಬರು ಕನ್ನಡಕ ಮುರಿದುಕೊಂಡು ಬಂದು ಕೂತಿದ್ದಾರೆ, ಸ್ವಲ್ಪ ಬೇಗ ಬರ್ತೀರಾ ಎಂದು ಮಾಲೀಕ. ಬಚ್ಚಲಿನಿಂದ ತಮ್ಮ ಕೂಗಿದ, "ಅಣ್ಣಾ, ಸೈಕಲ್ ಆಯ್ತಾ?" ಅವನು ಫೋನಿಗೆ, "ಆಯ್ತು, ಆಯ್ತು," ಎಂದ. ಕೈ ಒರೆಸಿಕೊಂಡ, ಚಪ್ಪಲಿ ಮೆಟ್ಟಿದ, ಬೆರಳುಬಿಗಿ ಎನ್ನದೆ ಹೊರಟ.

ಆಯ್ತು ಎಂಬ ಆ ಒಂದು ಮಾತನ್ನು ಅವನು ಹನ್ನೊಂದು ವರ್ಷ ಗಾಜು ಬದಲಿಸಿ ಬದಲಿಸಿ ನೋಡಿದ್ದಾನೆ. ಫೋನಿಗೆ ಅಂದದ್ದಾ, ತಮ್ಮನಿಗಾ? ಮಾಲೀಕನಿಗೆ ಬರ್ತೀನಿ ಎಂಬ ಅರ್ಥದ ಆಯ್ತೋ, ತಮ್ಮನಿಗೆ ಮುಗಿಯಿತು ಎಂಬ ಅರ್ಥದ ಆಯ್ತೋ? ಒಂದು ಗಾಜಿನಲ್ಲಿ ನೋಡಿದರೆ ಅವನು ತಮ್ಮನ ಕೂಗು ಕೇಳಿಸಿಕೊಂಡೇ ಇಲ್ಲ. ಇನ್ನೊಂದರಲ್ಲಿ ಕೇಳಿಸಿಕೊಂಡಿದ್ದಾನೆ, ಹಿಂದಿರುಗಿ ಹೇಳಬೇಕೆಂದುಕೊಂಡಿದ್ದಾನೆ, ಗಡಿಬಿಡಿಯಲ್ಲಿ, ಇರಲಿ, ನಾನು ಬರುವ ತನಕ ಅವನು ಹೊರಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೆಟ್ಟಿಲಿಳಿದಿದ್ದಾನೆ. ಎರಡೂ ಒಂದೇ ಥರ ಕಾಣುತ್ತದೆ ಎಂದು ಸುಮ್ಮನಾಗುವುದು ಅವನಿಗೆ ಅನುಕೂಲವಾಗಿತ್ತು.

ಗುಡ್ಡದಲ್ಲಿ ಬಿದ್ದ ತಮ್ಮ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ. ಜೊತೆಗಾರರು ಸೈಕಲ್ಲನ್ನೂ ತಂದು ಹಿತ್ತಲಿನ ಗೋಡೆಗೆ, ಒಗೆದ ಹಾಸುಗಳ ರಾಶಿಯ ಪಕ್ಕ ಒರಗಿಸಿದ್ದರು. ಹ್ಯಾಂಡಲ್ ಪೂರ್ತಿ ಅಡ್ಡ ತಿರುಗಿ ಫ್ರೇಮಿನ ಗುಂಟ ಮಲಗಿತ್ತು. ಬಿದ್ದ ಹೊಡೆತಕ್ಕೆ ಹ್ಯಾಂಡಲ್ ತಿರುಗುವುದುಂಟು, ಯಾರೂ ಅದನ್ನು ಎರಡನೇ ಸಲ ನೋಡಿರಲಿಲ್ಲ. ಅವನು ಜೇಬಿನಿಂದ ಬೋಲ್ಟ್ ಬಿಗಿಯುವ ಕೀ ತೆಗೆದು ಸ್ಟೆಮ್ಮಿಗೆ ಇಟ್ಟ. ಇನ್ನೂ ಮುಕ್ಕಾಲು ಸುತ್ತು ಬಾಕಿಯಿತ್ತು. ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲ್ ನೇರ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿ, ಬಿಗಿದ. ಅಂಥ ಹೊತ್ತಿನಲ್ಲೂ ಒಂದು ಕಣ್ಣು ಮುಚ್ಚಿ ನೇರ ನೋಡಿದೆನಲ್ಲ ಎಂಬುದು ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಒಗೆಯುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಬಂದು, "ಯಾರಿಗೆ ಏನಾಯ್ತಪ್ಪ?" ಎಂದು ಕೇಳಿದಳು. "ತಮ್ಮ ಬಿದ್ದ," ಎಂದ. ಒಳಗೆ ತಮ್ಮ ಮಂಪರಿನಲ್ಲಿದ್ದ. "ಅಣ್ಣ, ಏನಾಯ್ತು ಗೊತ್ತಾಗ್ಲಿಲ್ಲ. ತಿರುಗಿಸ್ದೆ, ಆದ್ರೆ ಅದು..." ಎಂದು ತಡವರಿಸಿದ. ಅವನು ಮಂಚದ ಅಂಚಿನಲ್ಲಿ ಕೂತು, ತಮ್ಮನ ಒಳ್ಳೆಯ ಕೈ ಹಿಡಿದುಕೊಂಡು ಹೇಳಿದ: "ಮುಂದಿನ ಬ್ರೇಕ್ ಜೋರಾಗಿ ಹಿಡಿದಿರ್ಬೇಕು. ಗಾಬರಿ. ಎಲ್ಲರಿಗೂ ಆಗುತ್ತೆ." ಎಷ್ಟು ಮೆತ್ತಗೆ ಹೇಳಿದ! ನರ್ಸು ಕೂಡ ಹೌದೌದೆಂದು ತಲೆಯಾಡಿಸಿದಳು.

ಮಸುಕಾಗಿ ಕಾಣುವ ಅಕ್ಷರವನ್ನು ನೀವೇ ಬಾಯಿಬಿಟ್ಟು ಹೇಳಿಕೊಟ್ಟರೆ ಕುರ್ಚಿಯಲ್ಲಿ ಕೂತವರಿಗೆ ಅದೇ ಕಾಣತೊಡಗುತ್ತದೆ, ಅವರು ಆಣೆ ಮಾಡಿ ಹೇಳುತ್ತಾರೆ; ಅದಕ್ಕೇ ಹೇಳಿಕೊಡಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ. ತಿಂಗಳೊಳಗೆ ತಮ್ಮ ಆ ಬ್ರೇಕಿನ ಕಥೆಯನ್ನು ತಾನೇ ಹೇಳಲು ಶುರುಮಾಡಿದ. ಬ್ರೇಕ್ ಹಿಡಿದದ್ದು ಎರಡು ಬೆರಳಾ, ಮೂರಾ ಎಂದು ಮೊದಮೊದಲು ಅನುಮಾನಿಸುತ್ತಿದ್ದವನು ಆಮೇಲೆ ಎರಡೇ ಎಂದು ಗಟ್ಟಿ ಮಾಡಿದ. ಕಲ್ಲೊಂದು ಬಂತು, ನೋಡಿದೆ, ಎದೆ ಧಸಕ್ಕೆಂದಿತು, ಹಿಡಿದುಬಿಟ್ಟೆ. ಕಲ್ಲು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನೆಂಟರ ಮನೆಯಲ್ಲಿ ಯಾರಾದರೂ ಕೇಳಿದರೆ, "ನಾನು ಪುಕ್ಕಲ ಅಂತ ಆ ಗುಡ್ಡ ಕಂಡುಹಿಡೀತು," ಎಂದು ನಗಿಸುತ್ತಿದ್ದ. ಬಿದ್ದ ಎರಡೇ ವಾರಕ್ಕೆ ಗುಡ್ಡದ ಸೈಕಲ್ ತಂಡದ ಆಯ್ಕೆಯ ಸ್ಪರ್ಧೆಯಿತ್ತು, ಅದು ತಪ್ಪಿಹೋಯಿತು. ಎಲುಬು ಕೂಡಿದ ಮೇಲೂ ಅವನು ಸೈಕಲ್ ಮುಟ್ಟಲಿಲ್ಲ, ಅದನ್ನು ಯಾರಿಗೋ ಕೊಟ್ಟ. ಅಣ್ಣನಾದವನು ಎಲ್ಲ ಸಲವೂ ಪಕ್ಕದಲ್ಲೇ ಕೂತು ಆ ಕಥೆ ಕೇಳಿದ. ಒಂದು ಸಲ ಎಲ್ಲರ ಜೊತೆ ನಕ್ಕ ಕೂಡ. ಅವನು ಕಲಿತದ್ದು ಇಷ್ಟೇ: ಅಂದಿನಿಂದ ಯಾವ ಸ್ಕ್ರೂವನ್ನೂ ಮೂರು ಸಲ ಬಿಗಿಯದೆ ಬಿಡುವುದಿಲ್ಲ. ಮನೆಯ ನಲ್ಲಿ, ಬಾಟಲಿಯ ಮುಚ್ಚಳ, ಉಪ್ಪಿನ ಡಬ್ಬಿ, ಎಲ್ಲ. "ನಮ್ಮನೆಯಲ್ಲಿ ನೀರು ಕುಡೀಬೇಕು ಅಂದ್ರೆ ಪೈಲ್ವಾನ್ ಬರ್ಬೇಕು," ಎನ್ನುತ್ತಾಳೆ ಹೆಂಡತಿ.

"ಏನ್ ಸ್ವಾಮಿ ಇದು?" ಮಾಲೀಕ ಕತ್ತಲು ಕೋಣೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಟೀಚರಮ್ಮನ ಕಾರ್ಡು. ಹಳೆಯ ಮಾಲೀಕನ ಮಗ, ಇವನಿಗಿಂತ ಹದಿನೈದು ವರ್ಷ ಚಿಕ್ಕವನು. "ಓರೆ ಎಷ್ಟು ಡಿಗ್ರಿ ಅಂತ ಬರೆದಿದ್ದೀರಿ ನೋಡಿ. ನಾನೂರ ತೊಂಬತ್ತು! ಆಯಮ್ಮನ ಕಣ್ಣು ಒಂದು ಸುತ್ತು ಹಾಕಿ ಆಮೇಲೆ ಮುಂದೆ ಹೋಗ್ಬೇಕಾ?" ಕೌಂಟರಿನಲ್ಲಿದ್ದವರು ಕಿಸಕ್ಕೆಂದರು. ಟೀಚರಮ್ಮ ಮಾತ್ರ ನಗಲಿಲ್ಲ, ಕರುಣೆಯಿಂದ ನೋಡಿದರು. ಅದು ನಗುವಿಗಿಂತ ಕಷ್ಟವಾಯಿತು. ತೊಂಬತ್ತು ಎಂದು ತಿದ್ದಿ ಸಹಿ ಹಾಕಿದ. ಕಿವಿ ಬಿಸಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಿದ್ದಿದ ಮೊದಲ ಕಾರ್ಡು ಅದು. ತಿದ್ದುವುದು ಎಷ್ಟು ಸುಲಭ, ಒಂದು ಗೀಟು, ಒಂದು ಸಹಿ, ಯಾರಿಗೂ ಪೆಟ್ಟಾಗಲಿಲ್ಲ. ಶನಿವಾರ ಅರ್ಧ ದಿನ. ಬ್ಯಾಗು ಎತ್ತಿಕೊಂಡು ಹೊರಬಿದ್ದ.

ಸೈಕಲ್ ಅಂಗಡಿ ಎರಡು ಬೀದಿ ಆಚೆ. ಅಂಗಡಿಯವನನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ಗಾಲಿಗೆ ಕಡ್ಡಿ ಕಟ್ಟುವುದರಲ್ಲಿ ನಿಸ್ಸೀಮ ಎಂದೋ, ಅವನ ಮೈಕಟ್ಟು ನೋಡಿಯೋ, ಕೇಳಿದರೆ ಅವನೇ ಎರಡೂ ಹೌದು ಎನ್ನುತ್ತಾನೆ. ಮೇಲಿಂದ ಗಾಲಿಗಳು ತೂಗಾಡುವ, ರಬ್ಬರಿನ ವಾಸನೆಯ ಉದ್ದನೆಯ ಅಂಗಡಿ. ಕಡ್ಡಿ ಮೂರೂ ಫೋರ್ಕುಗಳನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದ. ಕಪ್ಪು, ಹೊಳಪಿಲ್ಲದ, ಎರಡು ಕಾಲು ಚಾಚಿದ ವಸ್ತುಗಳು. ಎತ್ತಿದರೆ ಕೈಗೆ ಮೋಸ ಮಾಡುವಷ್ಟು ಹಗುರ. ಅವನು ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ ನೋಡಿದ, ಕಿವಿ ಹತ್ತಿರ ಹಿಡಿದ. "ತೆಂಗಿನಕಾಯಿ ಅಲ್ಲ ಸಾರ್ ಅದು," ಎಂದ ಕಡ್ಡಿ. "ಕಾರ್ಬನ್ನು. ಬಾಗಲ್ಲ, ಕುಗ್ಗಲ್ಲ, ಸಣ್ಣ ಪುಟ್ಟ ನಡುಕ ನುಂಗ್ಕೊಳ್ಳುತ್ತೆ. ದೊಡ್ಡ ಏಟು ಬಿದ್ರೆ ಮಾತ್ರ ಸೀದಾ ಮಣಿಕಟ್ಟಿಗೆ. ಹೊರಗಿಂದ ನೋಡಿದ್ರೆ ಒಳಗಿನ ಬಿರುಕು ಗೊತ್ತಾಗಲ್ಲ, ಅದೊಂದು ಕೆಟ್ಟ ಬುದ್ಧಿ ಇದಕ್ಕೆ. ಯಾರು ಓಡ್ಸೋದು?" "ತಮ್ಮ." "ಮಣಿಕಟ್ಟಿಗೆ ಪಟ್ಟಿ ಹಾಕಿಸ್ಕೊಂಡವ್ರು ತಾನೆ? ಅವ್ರಿಗೆ ಇದು ಯಾರ್ ಹೇಳಿದ್ದು? ಸ್ಪ್ರಿಂಗ್ ಇರೋದು ಹಾಕ್ಸಿ ಸಾರ್, ಕೈ ಉಳಿಯುತ್ತೆ." ಅವನು ಗಿಡ್ಡ ಫೋರ್ಕನ್ನು ಪಕ್ಕಕ್ಕೆ ಸರಿಸಿ, "ಅವನಿಗೇ ಇದು ಬೇಕಂತೆ," ಎಂದ. ತನ್ನ ದನಿ ಆಸ್ಪತ್ರೆಯಲ್ಲಿ ಇದ್ದಷ್ಟೇ ಮೆತ್ತಗಿರುವುದನ್ನು ಗಮನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತಮ್ಮ ಹೇಳಿದ ಹೊತ್ತಿಗೆ ಬಂದ, ಪ್ರೆಸ್ಸಿನ ಅಂಟು ಇನ್ನೂ ಉಗುರಿನಲ್ಲಿತ್ತು. ಫೋರ್ಕುಗಳನ್ನು ಕಂಡು ಅವನ ಮುಖ ಅರಳಿತು. ಒಂದೊಂದನ್ನೇ ಎತ್ತಿ, ತೂಗಿ, "ಅಯ್ಯೋ, ಏನೂ ಇಲ್ವಲ್ಲ ಇದರಲ್ಲಿ!" ಎಂದು ನಕ್ಕ. ಆಮೇಲೆ ಮೂಲೆಯಲ್ಲಿದ್ದ, ಸ್ಪ್ರಿಂಗ್ ಫೋರ್ಕಿನ ಸೈಕಲ್ಲೊಂದನ್ನು ಎಳೆದುಕೊಂಡು ಬಂದು ಅಣ್ಣನೆದುರು ನಿಲ್ಲಿಸಿದ. "ನೋಡು ಅಣ್ಣ." ಮುಂದಿನ ಬ್ರೇಕ್ ಹಿಡಿದು ಮೈಭಾರ ಹಾಕಿ ಮುಂದಕ್ಕೆ ಒತ್ತಿದ. ಫೋರ್ಕ್ ಉಸ್ಸೆಂದು ಕುಗ್ಗಿತು, ಸೈಕಲ್ ತಲೆ ತಗ್ಗಿಸಿತು, ಹಿಂದಿನ ಗಾಲಿ ನೆಲ ಬಿಟ್ಟಿತು. "ಆಯ್ತಲ್ಲ? ಇದೇ. ಇದೇ ಆವತ್ತು ಆಗಿದ್ದು. ಒಂದು ಕ್ಷಣ." ಕಡ್ಡಿಯ ಸ್ವಂತ ಸೈಕಲ್ಲಿಗೆ ಕಾರ್ಬನ್ ಫೋರ್ಕ್ ಇತ್ತು, ಅದನ್ನೂ ತಂದು ಹಾಗೇ ಒತ್ತಿದ. ಅದು ಜಪ್ಪಯ್ಯ ಎನ್ನಲಿಲ್ಲ. "ನೋಡು, ನೋಡು, ನಾನು ಎಷ್ಟ್ ಗಾಬರಿ ಬಿದ್ರೂ ಇದು ಬೀಳಲ್ಲ!" ನಲವತ್ತು ವರ್ಷದವನು, ಕಿವಿಯ ಪಕ್ಕ ಆಗಲೇ ನರೆ, ಹನ್ನೊಂದು ವರ್ಷದಲ್ಲಿ ಇಷ್ಟು ಖುಷಿಯಾಗಿದ್ದನ್ನು ಅಣ್ಣ ಕಂಡಿರಲಿಲ್ಲ. ಒತ್ತುವಾಗ ಬಲ ಮಣಿಕಟ್ಟಿಗೆ ಚಳಕು ಹೊಡೆದಿರಬೇಕು, ತುಟಿ ಕಚ್ಚಿದ್ದನ್ನು ಅವನು ನೋಡಿದ. ಬಾಗಿಲಲ್ಲಿ ಯಾರೋ ಗಾಳಿ ಹೊಡೆಸಲು ಬಂದರು, ಕಡ್ಡಿ ಪಂಪು ಹಿಡಿದು ಹೊರಗೆ ಹೋದ.

"ಯಾವ್ದು, ಹೇಳು," ಎಂದ ತಮ್ಮ.

"ಇದ್ಯಾವ್ದೂ ಬೇಡ. ಸ್ಪ್ರಿಂಗ್ ಇರೋದು ತಗೋ. ನಿನ್ನ ಕೈಗೆ ಅದೇ ಸರಿ."

"ಅಯ್ಯೋ, ಈಗ ತಾನೇ ತೋರಿಸ್ದೆನಲ್ಲ. ನಾನು ಬ್ರೇಕ್ ಹಿಡಿದಾಗ..."

"ನೀನು ಬ್ರೇಕ್ ಹಿಡಿದಿರ್ಲಿಲ್ಲ."

"ಹೂಂ, ನೀನು ಗುಡ್ಡದ ಮೇಲೆ ನಿಂತು ನೋಡ್ತಾ ಇದ್ದೆ ನೋಡು," ಎಂದು ತಮ್ಮ ನಕ್ಕ. ಅಣ್ಣನ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

ಹೇಳಲು ಎಷ್ಟು ಮಾತು ಬೇಕಾಗಬಹುದೆಂದು ಅವನು ವರ್ಷಗಟ್ಟಲೆ ಲೆಕ್ಕ ಹಾಕಿದ್ದ. ಎಲ್ಲ ಸೇರಿ ಏಳೆಂಟು ವಾಕ್ಯದಲ್ಲಿ ಮುಗಿದುಹೋಯಿತು. ಸ್ಟೆಮ್ ಬೆರಳುಬಿಗಿಯಲ್ಲಿತ್ತು. ನೀನು ಹ್ಯಾಂಡಲ್ ತಿರುಗಿಸಿದೆ, ಗಾಲಿ ತಿರುಗಲಿಲ್ಲ. ಆಸ್ಪತ್ರೆಯ ಹಿತ್ತಲಲ್ಲಿ ನಾನೇ ನೇರ ಮಾಡಿ ಬಿಗಿದೆ. ಬ್ರೇಕಿನ ಮಾತು ನಾನು ಹುಟ್ಟಿಸಿದ್ದು. ಹೇಳುವಾಗ ಅವನು ಮೇಜಿನ ಮೇಲಿನ ಬಟ್ಟೆಯ ಒಂದು ಎಳೆಯನ್ನು ಎಳೆಯುತ್ತಿದ್ದ. ತಮ್ಮ ಕಡ್ಡಿಯ ಸೈಕಲ್ಲಿನ ಹ್ಯಾಂಡಲ್ಲನ್ನು ಬಿಟ್ಟಿರಲಿಲ್ಲ. ಎರಡು ಬೆರಳು ಇನ್ನೂ ಬ್ರೇಕಿನ ಮೇಲಿದ್ದವು. ಅವುಗಳನ್ನು ಬೇರೆ ಯಾರದೋ ಬೆರಳು ನೋಡುವಂತೆ ನೋಡಿಕೊಂಡ.

"ಹಾಗಾದ್ರೆ ಕಲ್ಲು?"

"ಗೊತ್ತಿಲ್ಲ. ಇದ್ದಿರ್ಲಿಕ್ಕಿಲ್ಲ."

"ನಾನು ಬಚ್ಚಲಿಂದ ಕೇಳ್ದೆ. ಆಯ್ತಾ ಅಂತ. ನೀನು ಆಯ್ತು ಅಂದೆ."

"ಫೋನಿಗೆ ಅಂದಿದ್ದು."

"ನಾನು ಕೇಳಿದ್ದು ನಿಂಗೆ ಕೇಳಿಸ್ತಾ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಗೊತ್ತಿಲ್ಲ ಎನ್ನಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಎರಡೂ ಒಂದೇ ಥರ ಕಾಣುತ್ತದೆ ಎಂದರೆ ಯಾರು ಬೇಡ ಎನ್ನುತ್ತಿದ್ದರು? "ಕೇಳಿಸ್ತು," ಎಂದ.

ಹೊರಗೆ ಕಡ್ಡಿಯ ಪಂಪು ಮೇಲೆ ಕೆಳಗೆ ಆಡುತ್ತಿತ್ತು. ತಮ್ಮ ಕಿರುಚಾಡಿದ್ದರೆ, ಮೇಜಿನ ಮೇಲಿದ್ದದ್ದನ್ನು ಎತ್ತಿ ಬಿಸಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ತನ್ನ ಹಗುರಾಗುವಿಕೆಯನ್ನು ಈಗಲೂ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನಾಚಿದ. ತಮ್ಮ ಸೈಕಲ್ಲನ್ನು ಜೋಪಾನವಾಗಿ ಸ್ಟ್ಯಾಂಡಿಗೆ ಹಾಕಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. "ಬೆರಳುಬಿಗಿ ಅಂತ ಒಂದು ಮಾತು. ಅಪ್ಪ ನಮಗೆ ಇನ್ನೇನ್ ಕಲಿಸಿದ್ರು?" ಎಂದ. ಆಮೇಲೆ, "ಕೈ ಹೋದ್ರೆ ಹೋಗ್ಲಿ ಬಿಡು. ಮರೆತೆ, ಆಯ್ತು, ಯಾರಿಗಾದ್ರೂ ಆಗುತ್ತೆ. ಆಸ್ಪತ್ರೇಲಿ ಯಾಕೆ ಹಾಗಂದೆ?"

"ಹೆದರಿಕೆ ಆಯ್ತು ಕಣೋ."

"ಹೆದರಿದ್ದು ನೀನು. ಹನ್ನೊಂದು ವರ್ಷ ಪುಕ್ಕಲ ಅನ್ನಿಸಿಕೊಂಡಿದ್ದು ನಾನು."

ತಮ್ಮ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದ. ಅವನು ಬಿದ್ದ ಜಾಗಕ್ಕೆ ಮತ್ತೆ ಹೋಗಿ ನೋಡುತ್ತಿದ್ದಾನೆ ಎಂಬುದು ಕಣ್ಣಿನಲ್ಲಿ ಕಾಣುತ್ತಿತ್ತು. ಇಳಿಜಾರು, ತಿರುವು, ಕೈ ಹೋದ ಕಡೆ ಹೋಗದ ಗಾಲಿ. "ತಿರುಗಿಸ್ದೆ," ಎಂದ ತನ್ನಷ್ಟಕ್ಕೆ. "ಸರಿಯಾಗಿ ತಿರುಗಿಸ್ದೆ ಅಲ್ವಾ ಹಾಗಾದ್ರೆ." ಅದು ಪ್ರಶ್ನೆಯಾಗಿರಲಿಲ್ಲ. ತುಟಿಯ ಕೊನೆಯಲ್ಲಿ ಏನೋ ಸಡಿಲವಾಯಿತು, ಅಳುವೋ ನಗುವೋ ಆಗಬಹುದಾಗಿದ್ದದ್ದು. ಆದರೆ ಅಷ್ಟರಲ್ಲಿ ಅವನಿಗೆ ಬೇರೇನೋ ನೆನಪಾಗಿ, ಸ್ಟೂಲಿನಿಂದ ಎದ್ದೇಬಿಟ್ಟ. ಮುಖ ಬಿಳಿಚಿಕೊಂಡಿತ್ತು.

"ಮಗಳ ಸೈಕಲ್ಲಿಂದ ಮುಂದಿನ ಬ್ರೇಕ್ ಬಿಚ್ಚಿಹಾಕಿದ್ದೀನಿ ಅಣ್ಣ."

ಅಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ.

"ಎರಡು ವರ್ಷ ಆಯ್ತು. ನನ್ನ ಥರಾನೇ ಇರ್ತಾಳೆ, ಗಾಬರಿ ಬೀಳ್ತಾಳೆ ಅಂತ. ಮುಂದಿನ ಬ್ರೇಕ್ ಮುಟ್ಟಿದ್ರೆ ಬಿದ್ದೇ ಹೋಗ್ತೀಯ ಅಂತ ಹೇಳಿಕೊಟ್ಟಿದ್ದೀನಿ. ನಮ್ಮ ವಂಶಕ್ಕೇ ಅದು ಆಗಿಬರಲ್ಲ ಅಂತ. ಬರೀ ಹಿಂದಿನ ಬ್ರೇಕಲ್ಲಿ ಆ ಮಗು ನಮ್ಮ ಬೀದಿಯ ಇಳಿಜಾರು ಇಳಿಯುತ್ತೆ. ಕಾಲು ನೆಲಕ್ಕೆ ಎಳ್ಕೊಂಡು. ಜೊತೆಯವರು ನಗ್ತಾರೆ. ನಾನು ಬಾಗಿಲಲ್ಲಿ ನಿಂತು ಶಭಾಷ್ ಅಂತೀನಿ."

ಕಡ್ಡಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ, ಇಬ್ಬರ ಮುಖವನ್ನೂ ನೋಡಿ ಮೂರು ಫೋರ್ಕುಗಳನ್ನು ಎಣಿಸಿದಂತೆ ಮಾಡಿದ. ತಮ್ಮ ಅವನ ಕಡೆ ತಿರುಗಿ, ಚಿಕ್ಕ ಸೈಕಲ್ಲಿಗೆ, ಇಪ್ಪತ್ತು ಇಂಚಿನ ಗಾಲಿಗೆ, ಮುಂದಿನ ಬ್ರೇಕ್ ಬೇಕು ಎಂದ. ಪೂರ್ತಿ, ತಂತಿ ಸಮೇತ. ಹಿಡಿ ಮಕ್ಕಳ ಬೆರಳಿಗೆ ಎಟುಕುವಂಥದ್ದು. ಕಡ್ಡಿ ಡಬ್ಬಿಗಳಲ್ಲಿ ಹುಡುಕಿ ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ಫೋರ್ಕು?" ಎಂದ. "ಅದು ಇರ್ಲಿ," ಎಂದ ತಮ್ಮ.

ಅಣ್ಣ ಬ್ಯಾಗಿಗೆ ಕೈ ಹಾಕಿ ಬೋಲ್ಟ್ ಬಿಗಿಯುವ ಕೀಗಳ ಗೊಂಚಲು ತೆಗೆದ. ಕೈ ತಾನಾಗಿ ಹೋಗಿತ್ತು. "ನಡಿ, ನಾನೂ ಬರ್ತೀನಿ. ಹಾಕಿಕೊಡ್ತೀನಿ." ತಮ್ಮ ಆ ಗೊಂಚಲನ್ನು ನೋಡಿದ, ಕೈ ಚಾಚಿ ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡ. ಕೋಪದಿಂದ ಮಾಡಿದ ಹಾಗಿರಲಿಲ್ಲ.

"ಬ್ರೇಕ್ ಹಾಕಿ, ಹಿಡಿಯಮ್ಮಾ ಅಂದ್ರೆ, ಯಾಕೆ ಅಂತ ಕೇಳ್ತಾಳೆ ಅವಳು. ಗೊತ್ತಲ್ಲ ನಿಂಗೆ, ಬಿಡಲ್ಲ," ಎಂದ.

"ದೊಡ್ಡಪ್ಪ ಸುಳ್ಳು ಹೇಳಿದ್ದ ಅಂತ ಹೇಳು."

ಹೇಳಿದ ಮೇಲೆ ಅವನಿಗೆ ಅದರ ತೂಕ ಗೊತ್ತಾಯಿತು. ಆ ಹುಡುಗಿ ಪೆನ್ಸಿಲ್ ಮುರಿದರೂ ದೊಡ್ಡಪ್ಪನ ಹತ್ತಿರ ಓಡಿಬರುತ್ತಾಳೆ. ದೊಡ್ಡಪ್ಪ ಹೇಳಿದರೆ ಅದು ಹಾಗೇ ಎಂದು ಶಾಲೆಯಲ್ಲಿ ಜಗಳ ಕಾಯುತ್ತಾಳೆ. ತಮ್ಮನಿಗೂ ಅದು ನೆನಪಾಗಿರಬೇಕು. ಬಾಗಿಲ ಬಳಿ ನಿಂತು ಹಿಂದಿರುಗಿ ನೋಡಿದ.

"ನಾನ್ಯಾಕೆ ಹೇಳ್ಲಿ?" ಎಂದ. "ಬಿಗಿಯೋದು ನಾನ್ ಮಾಡ್ತೀನಿ. ಹೇಳೋದು ನೀನ್ ಬಂದು ಹೇಳು."

ತಮ್ಮ ಕಾಯಲಿಲ್ಲ, ಹೊರಟ. ಕಾಗದದ ಪೊಟ್ಟಣ ಎಡಗೈಯಲ್ಲಿತ್ತು. ಅಣ್ಣ ಜೇಬಿನ ಚೀಟಿಯನ್ನು ಕಡ್ಡಿಯ ಮೇಜಿನ ಮೇಲಿಟ್ಟು ಹಿಂದೆ ಹೊರಟ. ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿ ಖಾಲಿಯಾಗಿತ್ತು. ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ತಮ್ಮ ತಿರುಗಿ ನೋಡಲಿಲ್ಲ, ಹೆಜ್ಜೆಯನ್ನು ನಿಧಾನ ಮಾಡಲೂ ಇಲ್ಲ, ಅವಸರಿಸಲೂ ಇಲ್ಲ. ತಮ್ಮನ ಮನೆಗೆ ಹದಿನೈದು ನಿಮಿಷದ ದಾರಿ. ಒಂಬತ್ತು ವರ್ಷದ ಹುಡುಗಿಗೆ ಯಾವ ಮಾತಿನಿಂದ ಶುರುಮಾಡಬೇಕೆಂದು ಅವನು ಯೋಚಿಸತೊಡಗಿದ. ಮೆತ್ತಗೆ ಹೇಳುವ ಮಾತುಗಳೇ ಮೊದಲು ಬಂದವು. ಅವುಗಳನ್ನು ಒಂದೊಂದಾಗಿ ಕೈಬಿಡುತ್ತ ನಡೆದ.